ಕೊಡಗಿನ ಮಳೆಗೆ ತಕ್ಕ ಅಕ್ವಾಪೋನಿಕ್ಸ್: ಸಣ್ಣ ರೈತರಿಗೆ ಮೊದಲ ಟ್ಯಾಂಕಿನಿಂದ ಮಾರಾಟದವರೆಗೆ

ಅಕ್ವಾಪೋನಿಕ್ಸ್ ಅಂದರೆ ಟ್ಯಾಂಕಿನಲ್ಲಿ ಮೀನು ಸಾಕಿ, ಅದೇ ನೀರಿನಲ್ಲಿ ಮಣ್ಣಿಲ್ಲದೆ ಸೊಪ್ಪು ತರಕಾರಿ ಬೆಳೆಯುವುದು. ಅದರ ಬಗ್ಗೆ ಯಾವ ವಿಡಿಯೋ ಹಾಕಿದರೂ ಮೊದಲು ಕೇಳುವ ಮಾತು ನೀರಿನ ಉಳಿತಾಯ. ಕೋಲಾರ, ಚಿತ್ರದುರ್ಗದವರಿಗೆ ಅದು ದೊಡ್ಡ ವಿಷಯವೇ. ಕೊಡಗಿನಲ್ಲಿ ನಮ್ಮ ತಲೆನೋವೇ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಡದೆ ಸುರಿಯುವ ಮಳೆ, ಮರ ಬಿದ್ದು ದಿನಗಟ್ಟಲೆ ಹೋಗುವ ಕರೆಂಟ್, ಬಿಸಿಲೇ ಕಾಣದ ವಾರಗಳು, ಆಮೇಲೆ ಡಿಸೆಂಬರ್ ಚಳಿ. ಹಾಗಾಗಿ ಇಲ್ಲಿ ಟ್ಯಾಂಕ್ ಹಾಕುವವರು ಮಳೆಗಾಲವನ್ನು ಮೊದಲು ಲೆಕ್ಕ ಹಾಕಬೇಕು. ಯಾವ ಮೀನು, ಎಷ್ಟು ಮೀನು, ಯಾವಾಗ ಬಿಡುವುದು, ಯಾವಾಗ ಹಿಡಿಯುವುದು ಎಲ್ಲವೂ ಆಮೇಲಿನ ಮಾತು.

ಇದು ಯಾರಿಗೆ?

ತೋಟದಲ್ಲಿ ಕೆರೆ ಇದ್ದರೆ ಅಕ್ವಾಪೋನಿಕ್ಸ್ ಬೇಡ. ಕೆರೆಗೇ ಗೆಂಡೆ ಮರಿ ಬಿಡಿ. ಖರ್ಚು ಕಡಿಮೆ, ಕರೆಂಟ್ ಗೊಡವೆ ಇಲ್ಲ. ಇದು ಕೆರೆ, ಗದ್ದೆ ಇಲ್ಲದವರಿಗೆ. ಐದು ಹತ್ತು ಸೆಂಟ್ಸ್ ಪೈಸಾರಿ (ಸರ್ಕಾರಿ) ಜಾಗದಲ್ಲಿ ಮನೆ ಕಟ್ಟಿಕೊಂಡವರು, 2018ರ ಭೂಕುಸಿತದಲ್ಲಿ ತೋಟ ಕಳೆದುಕೊಂಡು ಜಂಬೂರು, ಕರ್ಣಂಗೇರಿ, ಮದೆನಾಡಿನ ಪುನರ್ವಸತಿ ಬಡಾವಣೆಗಳಿಗೆ ಬಂದವರು, ಒಂದೆರಡು ಎಕರೆ ಕಾಫಿಯ ಬೆಲೆಯನ್ನೇ ನಂಬಿ ಕೂರಲು ಆಗದವರು. ಮನೆ ಹಿಂದೆ ಒಂದು ಕಾರು ನಿಲ್ಲಿಸುವಷ್ಟು ಸಮತಟ್ಟು ಜಾಗ ಇದ್ದರೆ ಸಾಕು. ಕಾವೇರಿ ದಂಡೆಯ ಕರಡಿಗೋಡು, ನೆಲ್ಯಹುದಿಕೇರಿಯ ಹಾಗೆ ಪ್ರವಾಹದ ನೀರು ಮನೆಯೊಳಗೇ ನುಗ್ಗುವ ಜಾಗದಲ್ಲಿ ಮಾತ್ರ ಹಾಕಬೇಡಿ. ಬೇಕಿದ್ದರೆ ಎತ್ತರದಲ್ಲಿರುವ ನೆಂಟರ ಜಾಗದಲ್ಲಿ ಪಾಲಿಗೆ ಮಾಡಿ.

ಕೆಲಸ ಮಾಡುವ ಕ್ರಮ ಸರಳ. ಮೀನು ತಿಂದು ಹೊರಹಾಕುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಮತ್ತೆ ಟ್ಯಾಂಕಿಗೆ. ಅಂದರೆ ನೀವು ಸಾಕುವುದು ಮೂರು ಜೀವ, ಅದರಲ್ಲಿ ಒಂದು ಕಣ್ಣಿಗೆ ಕಾಣುವುದಿಲ್ಲ. ಹೊಸಬರು ಸೋಲುವುದು ಹೆಚ್ಚಾಗಿ ಆ ಕಾಣದ್ದರ ಹತ್ತಿರವೇ.

ಜಾಗ: ಬರೆ (ಗುಡ್ಡದ ಕಡಿದಾದ ಬದಿ) ಅಗೆಯಬೇಡಿ

ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ತೂಕ. ಗಿಡ ನೆಡುವ, ಒಂದು ಅಡಿ ಆಳದ ಜಲ್ಲಿ ಹಾಸು ಚದರ ಮೀಟರಿಗೆ ಅರ್ಧ ಟನ್‌ಗಿಂತ ಜಾಸ್ತಿ ತೂಗುತ್ತದೆ. ಇದನ್ನು ಇಳಿಜಾರು ಕಡಿದು ಮಾಡಿದ ತಟ್ಟಿನ ಅಂಚಿನಲ್ಲಿ ಇಡಬಾರದು. ಟ್ಯಾಂಕಿಗೆ ಜಾಗ ಬೇಕು ಅಂತ ಹೊಸದಾಗಿ ಬರೆ ಕಡಿಯಲೂಬಾರದು. 2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದದ್ದನ್ನು ನೋಡಿದ ಮೇಲೂ ಇದನ್ನು ಹೇಳಬೇಕಾಗಿ ಬರುತ್ತದೆ ಅನ್ನುವುದೇ ಬೇಸರ. ಮನೆಯ ಹಿಂದೆ ಈಗಾಗಲೇ ಬರೆ ಇದ್ದರೆ ಅದರಿಂದ ದೂರ, ಮನೆಯ ಮುಂಭಾಗಕ್ಕೆ ಬನ್ನಿ. ತುಂಬಿ ಹರಿಯುವ ನೀರನ್ನು ಪೈಪಿನಲ್ಲಿ ಗಟ್ಟಿ ಚರಂಡಿಗೋ ಬಾಳೆ ಬುಡಕ್ಕೋ ಬಿಡಿ. ಇಳಿಜಾರಿನಲ್ಲಿ ಇಂಗಲು ಬಿಡಬೇಡಿ.

ಎರಡನೆಯದು ಬೆಳಕು. ಬೆಳ್ಳಂಬೆಳಗಿನ ಸಿಲ್ವರ್ ಓಕ್ ನೆರಳು ಪರವಾಗಿಲ್ಲ. ಆದರೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೀಳದಿದ್ದರೆ ಸೊಪ್ಪು ಸೊರಗಿ ಉದ್ದವಾಗುತ್ತದೆ. ಆನೆ ಓಡಾಡುವ ದಾರಿಯಾದರೆ ಟ್ಯಾಂಕ್ ಮನೆಗೆ ಅಂಟಿಕೊಂಡಿರಲಿ. ಹತ್ತಿರದಲ್ಲಿ ಹಲಸು, ಬಾಳೆ ಇರದಿದ್ದರೆ ಒಳ್ಳೆಯದು.

ಮೂರನೆಯದು ಪಕ್ಕದ ತೋಟದ ಸ್ಪ್ರೇ. ಕಾಫಿ, ಮೆಣಸು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ತಾಮ್ರ ಮೀನಿಗೆ ಕಡು ವಿಷ. ಅದರಲ್ಲೂ ನಮ್ಮದರಂತಹ ಮೆದು, ಹುಳಿ ನೀರಿನಲ್ಲಿ ಅದರ ವಿಷ ಇನ್ನೂ ಜಾಸ್ತಿ. ಮಳೆಗೆ ಮುಂಚೆ ಸ್ಪ್ರೇ ಆಗಿ, ಗಾಳಿಗೆ ಹಾರಿ ಮನೆಯ ಹಂಚಿನ ಮೇಲೆ ಕೂತಿರುತ್ತದೆ. ಮೊದಲ ಮಳೆಯ ನೀರನ್ನು ಟ್ಯಾಂಕಿಗೆ ಹಿಡಿದರೆ ರಾತ್ರಿ ಕಳೆಯುವಷ್ಟರಲ್ಲಿ ಮೀನು ಮೇಲೆ ತೇಲಬಹುದು. ಪಕ್ಕದ ಅಣ್ಣನಿಗೆ ಮೊದಲೇ ಹೇಳಿಡಿ, "ಸ್ಪ್ರೇ ದಿನ ಒಂದು ಮಾತು ಹೇಳಿ" ಅಂತ. ಆ ದಿನ ಟಾರ್ಪಾಲು ಮುಚ್ಚಿ. ನೀವು ಬಳಸಿದ ಸ್ಪ್ರೇಯರ್ ಡ್ರಮ್, ಬಕೆಟ್ ಎಷ್ಟು ತೊಳೆದಿದ್ದರೂ ಟ್ಯಾಂಕಿನ ಹತ್ತಿರ ತರಬೇಡಿ.

ಕಟ್ಟುವುದು

ಮೊದಲ ವರ್ಷಕ್ಕೆ ಒಂದೇ ಟ್ಯಾಂಕ್. ಸಾವಿರ ಲೀಟರಿನ ಗುಂಡು ಟ್ಯಾಂಕಿನ ಮೇಲ್ಭಾಗ ಕತ್ತರಿಸಿ ಬಳಸಿ. ಗುಂಡಾಗಿದ್ದರೆ ನೀರು ಸುತ್ತಿ ಗಲೀಜು ನಡುವಿಗೆ ಬಂದು ಕೂರುತ್ತದೆ, ತೆಗೆಯುವುದು ಸುಲಭ. ಪಕ್ಕದಲ್ಲಿ ಒಂದು ಚದರ ಮೀಟರಿನ, ಒಂದಡಿ ಆಳದ ಜಲ್ಲಿ ಹಾಸು. ಇದೇ ಫಿಲ್ಟರ್, ಬ್ಯಾಕ್ಟೀರಿಯಾದ ಮನೆಯೂ ಇದೇ. 12ರಿಂದ 20 ಮಿಮೀ ಜಲ್ಲಿ ತಂದು, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಂದು ಹಿಡಿ ಜಲ್ಲಿಯ ಮೇಲೆ ವಿನೆಗರ್ ಸುರಿದು ನೋಡಿ. ನೊರೆ ಬಂದರೆ ಸುಣ್ಣಕಲ್ಲು ಇದೆ ಅಂತ, ಅಂಥದ್ದು ಬೇಡ.

ಪಂಪು ಒಂದು ಗಂಟೆಯಲ್ಲಿ ಟ್ಯಾಂಕಿನ ಅಷ್ಟೂ ನೀರನ್ನು ಒಮ್ಮೆ ಸುತ್ತಿಸುವಂತಿರಲಿ. ಡಬ್ಬಿಯ ಮೇಲೆ ಸಾವಿರ ಲೀಟರ್ ಅಂತ ಬರೆದ ಪಂಪು ನಾಲ್ಕೈದು ಅಡಿ ಎತ್ತಿದಾಗ ಅಷ್ಟು ಕೊಡುವುದಿಲ್ಲ. ಎರಡು ಸಾವಿರದ್ದು ತನ್ನಿ. 40 ವ್ಯಾಟ್ ಪಂಪು, 20 ವ್ಯಾಟ್ ಏರ್ ಪಂಪು ದಿನವಿಡೀ ಓಡಿದರೆ ದಿನಕ್ಕೆ ಸುಮಾರು ಒಂದೂವರೆ ಯುನಿಟ್. ನೀರು ಹಾಸಿನಲ್ಲಿ ತುಂಬಿ ತಾನಾಗಿ ಬರಿದಾಗಲು ಬೆಲ್ ಸೈಫನ್ ಹಾಕುತ್ತಾರೆ. ಅದು ಕೈಕೊಡುತ್ತಿದ್ದರೆ ಒದ್ದಾಡಬೇಡಿ. ಒಂದು ಟೈಮರ್ ಹಾಕಿ ಪಂಪನ್ನು 15 ನಿಮಿಷ ಓಡಿಸಿ 45 ನಿಮಿಷ ನಿಲ್ಲಿಸಿದರೂ ಆಗುತ್ತದೆ. ಆದರೆ ಆಗ ಆ ಕಾಲು ಗಂಟೆಯಲ್ಲೇ ಸಾವಿರ ಲೀಟರ್ ಎತ್ತುವ ದೊಡ್ಡ ಪಂಪು ಬೇಕು. ಏರ್ ಪಂಪು ಮಾತ್ರ ಯಾವತ್ತೂ ನಿಲ್ಲಬಾರದು.

ಮೇಲೆ ಚಾವಣಿ ಬೇಕೇ ಬೇಕು. ಒಂದು ಮಿಲಿಮೀಟರ್ ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್. ಟ್ಯಾಂಕ್, ಹಾಸು ಸೇರಿ ನಾಲ್ಕು ಚದರ ಮೀಟರ್ ಬಯಲಿಗೆ ತೆರೆದಿದ್ದರೆ, ನೂರು ಮಿಲಿಮೀಟರ್ ಬಿದ್ದ ದಿನ 400 ಲೀಟರ್ ಮಳೆನೀರು ಒಳಗೆ. ಮಡಿಕೇರಿ, ಭಾಗಮಂಡಲ ಕಡೆ ಅಂಥ ದಿನಗಳು ಅಪರೂಪವೇನಲ್ಲ ಅಲ್ವಾ? ಗೊಬ್ಬರವೆಲ್ಲ ಕೊಚ್ಚಿ ಹೋಗಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಕುಸಿಯುತ್ತದೆ. 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಶೀಟನ್ನು ಚೆನ್ನಾಗಿ ಇಳಿಜಾರು ಕೊಟ್ಟು ಕಟ್ಟಿ, ನಾಲ್ಕೂ ಬದಿ ತೆರೆದಿಡಿ. ತುಂಬಿ ಹರಿಯುವ ಪೈಪಿನ ಬಾಯಿಗೆ ಬಲೆ ಇರಲಿ. ಟ್ಯಾಂಕಿನ ಮೇಲೂ ಬಲೆ, ಇಲ್ಲದಿದ್ದರೆ ಮಿಂಚುಳ್ಳಿ ಮತ್ತು ಕೊಕ್ಕರೆ ನಿಮಗಿಂತ ಮೊದಲು ಕೊಯ್ಲು ಮಾಡುತ್ತವೆ.

ನೀರು, ಪಿಎಚ್ ಮತ್ತು ಆರು ವಾರಗಳ ತಾಳ್ಮೆ

ಬಾವಿ, ಬೋರ್ ನೀರು ಒಳ್ಳೆಯದು. ಪಂಚಾಯಿತಿ ನಲ್ಲಿ ನೀರಾದರೆ ಒಂದೆರಡು ದಿನ ಗಾಳಿಯಾಡಲು ಬಿಟ್ಟು ಕ್ಲೋರಿನ್ ಹೋಗಲಿ. ತೋಡಿನ (ಸಣ್ಣ ಹಳ್ಳದ) ನೀರು ಬೇಡ, ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವ) ಸಮಯದಲ್ಲಂತೂ ಖಂಡಿತ ಬೇಡ. ಪಲ್ಪರ್ ನೀರು ಸೇರಿದ ತೋಡಿನಲ್ಲಿ ಆಮ್ಲಜನಕವೇ ಇರುವುದಿಲ್ಲ.

ಈಗ ಟ್ಯಾಂಕ್ ತುಂಬಿಸಿ, ಪಂಪ್ ಓಡಿಸಿ. ಮೀನು ಬಿಡಬೇಡಿ. ದಿನಕ್ಕೆ ಒಂದು ಹಿಡಿ ಮೀನಿನ ಫೀಡ್ ಹಾಕಿ ಕೊಳೆಯಲು ಬಿಡಿ. ಆಗಲೇ ಓಡುತ್ತಿರುವ ಯಾರದಾದರೂ ಟ್ಯಾಂಕಿನಿಂದ ಒಂದು ಬಕೆಟ್ ಹಳೆ ಜಲ್ಲಿ ಸಿಕ್ಕರೆ ತಂದು ಸುರಿಯಿರಿ, ಬ್ಯಾಕ್ಟೀರಿಯಾ ಬೇಗ ಹಿಡಿಯುತ್ತವೆ. ಎರಡು ದಿನಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಪರೀಕ್ಷೆ ಮಾಡಿ. ಸಾಮಾನ್ಯವಾಗಿ ಸಿಗುವ ಕಿಟ್‌ನಲ್ಲಿ ಅಮೋನಿಯಾ ಇಲ್ಲದ ನೀರು ಹಳದಿ, ಇದ್ದರೆ ಹಸಿರು. ಮೊದಲ ವಾರಗಳಲ್ಲಿ ಆ ಹಸಿರು ಗಾಢವಾಗುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಹಳದಿಗೆ ತಿರುಗತೊಡಗುತ್ತದೆ. ಅದೇ ಹೊತ್ತಿಗೆ ತಿಳಿನೀಲಿ ಇದ್ದ ನೈಟ್ರೈಟ್ ನೀರು ನೇರಳೆ ಆಗುತ್ತದೆ. ಖುಷಿಪಟ್ಟು ಮೀನು ತರುವವರು ಇಲ್ಲೇ ಎಡವುತ್ತಾರೆ. ನೇರಳೆಯೂ ಇಳಿದು, ಎರಡೂ ಸೊನ್ನೆಯ ಹತ್ತಿರ ಬಂದು, ನೈಟ್ರೇಟ್ ಕಾಣಿಸಿದ ಮೇಲೆಯೇ ಟ್ಯಾಂಕ್ ತಯಾರು. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ನೀರು 20 ಡಿಗ್ರಿಗಿಂತ ತಣ್ಣಗಿದ್ದರೆ ಇನ್ನೂ ನಿಧಾನ.

ಪಿಎಚ್ ಕಥೆ ನಮ್ಮಲ್ಲಿ ಸ್ವಲ್ಪ ವಿಶೇಷ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ನೀರಿನಲ್ಲಿರುವ ಕ್ಷಾರ ಖರ್ಚಾಗುತ್ತದೆ. ಬಯಲುಸೀಮೆಯ ಗಡಸು ಬೋರ್ ನೀರಿನಲ್ಲಿ ಕ್ಷಾರ ಬೇಕಾದಷ್ಟು ಇರುವುದರಿಂದ ಅಲ್ಲಿನವರು ಪಿಎಚ್ ಇಳಿಸಲು ಒದ್ದಾಡುತ್ತಾರೆ. ನಮ್ಮ ಮೆದು ನೀರಿನಲ್ಲಿ ಅದು ಬೇಗ ಮುಗಿದು ಪಿಎಚ್ ಜರ್ರನೆ ಜಾರುತ್ತದೆ. 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸ ಬಹುಮಟ್ಟಿಗೆ ನಿಲ್ಲಿಸಿ ಅಮೋನಿಯಾ ಏರುತ್ತದೆ. 6.8ರಿಂದ 7ರ ಆಸುಪಾಸು ಇದ್ದರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ ಸರಿ. ಬಟ್ಟೆ ಚೀಲದಲ್ಲಿ ಕಪ್ಪೆಚಿಪ್ಪು ಕಟ್ಟಿ ನೀರು ಬೀಳುವ ಜಾಗದಲ್ಲಿ ನೇತು ಹಾಕಿದರೆ ಅದು ಮೆಲ್ಲಗೆ ಕರಗಿ ಪಿಎಚ್ ಹಿಡಿದಿಡುತ್ತದೆ. ಅದು ಸಾಲದಿದ್ದರೆ ಒಂದು ಸಲ ಅರಳಿದ ಸುಣ್ಣ, ಇನ್ನೊಂದು ಸಲ ಪೊಟ್ಯಾಶಿಯಂ ಬೈಕಾರ್ಬನೇಟ್, ಒಂದೊಂದು ಚಮಚ ಬಕೆಟ್ ನೀರಿನಲ್ಲಿ ಕರಗಿಸಿ ಹಾಕಿ. ಗಿಡಕ್ಕೆ ಕ್ಯಾಲ್ಸಿಯಂ, ಪೊಟ್ಯಾಶ್ ಎರಡೂ ಸಿಕ್ಕಂತಾಗುತ್ತದೆ. ದಿನಕ್ಕೆ 0.2ಕ್ಕಿಂತ ಹೆಚ್ಚು ಏರಿಸಬೇಡಿ. ಪಿಎಚ್ ಏರಿದಂತೆ ಇದ್ದ ಅಮೋನಿಯಾವೇ ಇನ್ನಷ್ಟು ವಿಷವಾಗುತ್ತದೆ. ತೋಟಕ್ಕೆ ಹಾಕುವಂತೆ ಬುಟ್ಟಿಯಲ್ಲಿ ಸುರಿದರೆ ಮುಗಿಯಿತು.

ಯಾವ ಮೀನು?

ಎಲ್ಲರೂ ಹೇಳುವುದು ಟಿಲಾಪಿಯಾ, ಅಂದರೆ ನಮ್ಮ ಜಿಲೇಬಿ. ನನ್ನ ಸಲಹೆ ಸಾಮಾನ್ಯ ಗೆಂಡೆ. ಟಿಲಾಪಿಯಾ ಬಿಸಿನೀರಿನ ಮೀನು. 16-18 ಡಿಗ್ರಿಗೆ ಇಳಿದರೆ ತಿನ್ನುವುದನ್ನೇ ಬಿಡುತ್ತದೆ. ಮಡಿಕೇರಿ, ಸೋಮವಾರಪೇಟೆ ಕಡೆಯ ಡಿಸೆಂಬರ್ ರಾತ್ರಿಗಳು ಅದಕ್ಕೆ ಆಗಿಬರುವುದಿಲ್ಲ. ಸುಧಾರಿತ ಗಿಫ್ಟ್ ಟಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿಯೂ ಬೇಕು. ಇನ್ನೊಂದು ಮಾತು: ಇಲ್ಲಿ ಟ್ಯಾಂಕಿನಿಂದ ತಪ್ಪಿಸಿಕೊಂಡ ಮೀನು ತೋಡು ಹಿಡಿದು ಕಾವೇರಿಗೇ ಹೋಗುತ್ತದೆ. ಆ ಹೊಳೆಯ ಕಣಿವೆ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇಲ್ಲದ ಮಹಶೀರ್ ತಳಿಯೊಂದು ಈಗಾಗಲೇ ಅಳಿವಿನ ಅಂಚಿನಲ್ಲಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ದೇಶದಲ್ಲೇ ನಿಷೇಧ. "ಬೇಗ ಬೆಳೆಯುತ್ತೆ, ಏನು ಹಾಕಿದ್ರೂ ತಿನ್ನುತ್ತೆ" ಅಂತ ಯಾರಾದರೂ ಮರಿ ತಂದುಕೊಟ್ಟರೆ ಬೇಡ ಅನ್ನಿ.

ಗೆಂಡೆ ಚಳಿ ತಡೆಯುತ್ತದೆ, ನಾವು ಮಾಡುವ ಸಣ್ಣಪುಟ್ಟ ತಪ್ಪನ್ನೂ ತಡೆಯುತ್ತದೆ. ಮುಳ್ಳು ಜಾಸ್ತಿ ಅನ್ನುವುದೊಂದೇ ದೂರು. ಕಾಟ್ಲಾ, ರೋಹುವಿಗೆ ಈ ಟ್ಯಾಂಕ್ ಚಿಕ್ಕದು. ತಿನ್ನುವ ಮೀನೇ ಬೇಡ ಅನ್ನುವವರಿಗೆ ಕೋಯಿ, ಗೋಲ್ಡ್‌ಫಿಶ್ ಇವೆ. ಹೋಂಸ್ಟೇಗಳು ಅಂಗಳದ ಕೊಳಕ್ಕೆ ಕೊಳ್ಳುತ್ತವೆ.

ಮೊದಲ ವರ್ಷ ಸಾವಿರ ಲೀಟರಿಗೆ ಹತ್ತು ಕೆಜಿ ಮೀನಿನ ಗುರಿ ಸಾಕು. ಅಂದರೆ 30ರಿಂದ 40 ಬೆರಳುದ್ದದ ಮರಿ. ಪ್ಯಾಕೆಟ್ ತಂದ ಕೂಡಲೇ ಸುರಿಯಬೇಡಿ. ಅದನ್ನು ಟ್ಯಾಂಕಿನ ಮೇಲೆ ಕಾಲು ಗಂಟೆ ತೇಲಿಬಿಟ್ಟು, ಆಮೇಲೆ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪ ಬೆರೆಸಿ, ಕೊನೆಗೆ ಮರಿಗಳನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಶೇ. 28-32 ಪ್ರೋಟೀನ್ ಇರುವ ತೇಲುವ ಫೀಡ್ ಕೊಡಿ. ಕಾಲು ಗಂಟೆಯಲ್ಲಿ ತಿಂದು ಮುಗಿಸುವಷ್ಟು ಮಾತ್ರ, ಉಳಿದದ್ದನ್ನು ಜಾಲರಿಯಲ್ಲಿ ತೆಗೆಯಿರಿ. ಚಳಿಯ ಬೆಳಿಗ್ಗೆ ಹಾಕಬೇಡಿ, ಮಧ್ಯಾಹ್ನ ಹಾಕಿ.

ಗಿಡ: ಫೀಡ್ ತೂಕ ನೋಡಿ ಹಾಸು ಹಾಕಿ

ಎಷ್ಟು ಗಿಡ ಇಡಬಹುದು ಅನ್ನುವುದನ್ನು ದಿನಕ್ಕೆ ಹಾಕುವ ಫೀಡ್ ತೀರ್ಮಾನಿಸುತ್ತದೆ. ಸೊಪ್ಪಿಗಾದರೆ ಚದರ ಮೀಟರಿಗೆ ದಿನಕ್ಕೆ 40-50 ಗ್ರಾಂ. ಟೊಮೆಟೊ, ಮೆಣಸಿನಕಾಯಿಗೆ 50-80 ಗ್ರಾಂ. ನವೆಂಬರ್‌ನಲ್ಲಿ ಮರಿ ಸಣ್ಣವು, ಒಂದು ಚದರ ಮೀಟರಿನ ಜಲ್ಲಿ ಹಾಸೇ ಜಾಸ್ತಿ. ಏಪ್ರಿಲ್ ಹೊತ್ತಿಗೆ ಫೀಡ್ 120-150 ಗ್ರಾಂಗೆ ಬಂದಾಗ ನೀರಿನ ಮೇಲೆ ತೇಲುವ ಥರ್ಮಾಕೋಲ್ ತೆಪ್ಪದ ಹಾಸು ಸೇರಿಸಿ ಮೂರು ಚದರ ಮೀಟರ್ ಮಾಡಬಹುದು. ಮೊದಲೇ ದೊಡ್ಡ ಹಾಸು ಕಟ್ಟಿ ಗಿಡ ಹಳದಿ ತಿರುಗಿದ ಮೇಲೆ ಗೊಬ್ಬರದ ಅಂಗಡಿಗೆ ಓಡುವುದು ಸುಮ್ನೆ ದಂಡ.

ಶುರುವಿಗೆ ಪುದೀನ, ಪಾಲಕ್, ಲೆಟ್ಯೂಸ್, ಬೇಸಿಲ್. ಲೆಟ್ಯೂಸ್ ಚದರ ಮೀಟರಿಗೆ 20-25 ಗಿಡ, ಸಸಿ ನೆಟ್ಟ ಐದಾರು ವಾರಕ್ಕೆ ಕೊಯ್ಲು. ಒಂದೇ ದಿನ ಎಲ್ಲ ನೆಡದೆ ವಾರಕ್ಕೊಂದು ಸಾಲು ನೆಡಿ. ಮಳೆಗಾಲದ ಮಂಕು ಬೆಳಕಿಗೆ ಒಂದೆಲಗ, ಕೆಸು ತಡೆದುಕೊಳ್ಳುತ್ತವೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ, ಮೀನಿನ ಫೀಡಿನಲ್ಲಿ ಅದು ಸಾಕಷ್ಟು ಇರುವುದಿಲ್ಲ. ಚೀಲೇಟೆಡ್ ಕಬ್ಬಿಣವನ್ನು (ನೀರಿನಲ್ಲಿ ಕರಗಿ ಗಿಡಕ್ಕೆ ಸಿಗುವ ರೂಪದ್ದು), ಅದರಲ್ಲಿರುವ ಕಬ್ಬಿಣದ ಪ್ರಮಾಣ ನೋಡಿ, ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಸಿಗುವಂತೆ ಎರಡು ಮೂರು ವಾರಕ್ಕೊಮ್ಮೆ ಹಾಕಿ.

ಹುಳಕ್ಕೆ ಔಷಧಿ ಹೊಡೆಯುವ ಹಾಗಿಲ್ಲ. ಬೇವಿನೆಣ್ಣೆ ಕೂಡ ನೀರಿಗೆ ಬಿದ್ದರೆ ಮೀನಿಗೆ ತೊಂದರೆ. ಗಿಡದ ಹೇನಿಗೆ ನೀರು ಚಿಮ್ಮಿಸಿ, ಹಳದಿ ಅಂಟು ಹಾಳೆ ಕಟ್ಟಿ. ಶನಿವಾರಸಂತೆ ಕಡೆಯವರಿಗೆ ಆಫ್ರಿಕನ್ ಬಸವನಹುಳದ ಕಾಟ ಗೊತ್ತೇ ಇದೆ. ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಹೆಕ್ಕಬೇಕು, ಕೈಗವಸು ಇರಲಿ. ವಿಷದ ಗುಳಿಗೆ ಬೇಡ.

ಕರೆಂಟ್ ಹೋದರೆ

ಹೋದರೆ ಅಲ್ಲ, ಹೋದಾಗ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದರೆ ಲೈನ್‌ಮನ್ ಬರುವುದು ಯಾವಾಗಲೋ. ಸೋಲಾರ್ ಆ ತಿಂಗಳುಗಳಲ್ಲಿ ನಂಬುವಂಥದ್ದಲ್ಲ. 12 ವೋಲ್ಟಿನ ಡಿಸಿ ಏರ್ ಪಂಪು, 100 ಆಂಪಿಯರ್-ಅವರ್ ಬ್ಯಾಟರಿ ಇಟ್ಟುಕೊಳ್ಳಿ. 15 ವ್ಯಾಟಿನ ಪಂಪಾದರೆ ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ ಒಂದೂವರೆ ದಿನ ನಡೆಯುತ್ತದೆ. ಆಮೇಲೆ ಜೀಪಿನಲ್ಲೋ ಜನರೇಟರ್ ಇರುವವರ ಮನೆಯಲ್ಲೋ ಚಾರ್ಜ್ ಮಾಡಿಸಬೇಕು.

ಕರೆಂಟ್ ಹೋದ ಕ್ಷಣದಿಂದ ಫೀಡ್ ಬಂದ್. ಗೆಂಡೆ ಮೂರು ನಾಲ್ಕು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ತಿಂದರೆ ಆಮ್ಲಜನಕ ಜಾಸ್ತಿ ಬೇಕು. ಜಲ್ಲಿ ಹಾಸಿನಲ್ಲಿ ನಿಂತ ನೀರನ್ನು ಟ್ಯಾಂಕಿಗೆ ಬಸಿದು ಹಾಸು ಬರೀ ತೇವವಾಗಿರಲಿ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಉಸಿರುಗಟ್ಟುತ್ತವೆ. ದಿನಕ್ಕೆ ಎರಡು ಮೂರು ಸಲ ಮೇಲೆ ಟ್ಯಾಂಕಿನ ನೀರು ಚಿಮುಕಿಸಿ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರೆ ಬಕೆಟ್‌ನಲ್ಲಿ ನೀರೆತ್ತಿ, ಎದೆ ಎತ್ತರದಿಂದ ಜರಡಿಯ ಮೂಲಕ ಮತ್ತೆ ಮತ್ತೆ ಸುರಿಯಿರಿ. ಮನೆಯವರೆಲ್ಲ ಸರದಿ ಮೇಲೆ ಮಾಡಿದರೆ ರಾತ್ರಿ ಕಳೆಯಬಹುದು.

ವರ್ಷದ ಲೆಕ್ಕ: ಜೂನ್‌ನಿಂದ ಹಿಂದಕ್ಕೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಂಗಳೂರು, ಕಣ್ಣೂರಿನಿಂದ ಬರುವ ಮತ್ತಿ, ಬಂಗುಡೆ ಕಡಿಮೆಯಾಗಿ ಬೆಲೆ ಏರುವ ಕಾಲ. ನಮ್ಮ ಟ್ಯಾಂಕಿಗೂ ಅದೇ ಅಪಾಯದ ಕಾಲ. ಎರಡಕ್ಕೂ ಒಂದೇ ಉತ್ತರ: ಜೂನ್ ಮೊದಲ ಎರಡು ವಾರದಲ್ಲಿ ಮುಕ್ಕಾಲು ಪಾಲು ಮೀನು ಹಿಡಿದು ಮಾರಿಬಿಡಿ. ಆ ಹೊತ್ತಿಗೆ ಒಂದೊಂದು ಕಾಲು ಕೆಜಿಯಿಂದ ಅರ್ಧ ಕೆಜಿ ತೂಗಬಹುದು. ಏಳೆಂಟು ಮೀನು ಮಾತ್ರ ಉಳಿಸಿಕೊಳ್ಳಿ, ಬ್ಯಾಕ್ಟೀರಿಯಾ ಬದುಕಿರಲು ಅಷ್ಟು ಸಾಕು. ಟ್ಯಾಂಕಿನಲ್ಲಿ ಮೀನು ಕಡಿಮೆ ಇದ್ದರೆ ಕರೆಂಟ್ ಇಲ್ಲದ ರಾತ್ರಿಯೂ ಅಷ್ಟು ಕಷ್ಟವಾಗುವುದಿಲ್ಲ.

ಹೀಗೆ ಹಿಂದಕ್ಕೆ ಎಣಿಸಿದರೆ, ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿದ ಮೇಲೆ ಸೆಪ್ಟೆಂಬರ್ ಮಧ್ಯದಲ್ಲಿ ಟ್ಯಾಂಕ್ ತುಂಬಿಸುವುದು. ಅಕ್ಟೋಬರ್ ಕೊನೆ, ನವೆಂಬರ್ ಮೊದಲಿಗೆ ಮರಿ ಬಿಡುವುದು. ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿನ ಪುತ್ತರಿ ಹಬ್ಬದಿಂದ ಜನವರಿವರೆಗೆ ಬೆಳವಣಿಗೆ ನಿಧಾನ. ಕಾಫಿ ಕೊಯ್ಲಿನ ಗಡಿಬಿಡಿಯೂ ಆಗಲೇ ಇರುವುದರಿಂದ ಅದೇ ಅನುಕೂಲ. ಫೆಬ್ರವರಿಯಿಂದ ಮೇವರೆಗೆ ಮೀನು, ಸೊಪ್ಪು ಎರಡೂ ಓಡುತ್ತವೆ.

ಮಾರಾಟ ಮತ್ತು ದುಡ್ಡು

ನೇರವಾಗಿ ಹೇಳುತ್ತೇನೆ. ಒಂದು ಟ್ಯಾಂಕಿನಿಂದ ಮನೆ ನಡೆಯುವುದಿಲ್ಲ. ಹತ್ತು ಕೆಜಿ ಮೀನು, ಅದಕ್ಕೆ ಸುಮಾರು 15 ಕೆಜಿ ಫೀಡ್, ತಿಂಗಳಿಗೆ 40-45 ಯುನಿಟ್ ಕರೆಂಟ್, ಒಳ್ಳೆಯ ತಿಂಗಳಲ್ಲಿ ವಾರಕ್ಕೆ ಹತ್ತು ಹದಿನೈದು ಬುಡ ಸೊಪ್ಪು. ನಿಮ್ಮ ಊರಿನ ಬೆಲೆ ಹಾಕಿ ಗುಣಿಸಿ ನೋಡಿ, ಅಡುಗೆಮನೆ ಖರ್ಚು ತಗ್ಗುವಷ್ಟು ಮಾತ್ರ. ಅದು ವ್ಯಾಪಾರವಾಗುವುದು ಹತ್ತು ಮನೆ ಸೇರಿದಾಗ. ಆಗ ವಾರಕ್ಕೆ ನೂರಿಪ್ಪತ್ತು, ನೂರೈವತ್ತು ಬುಡ. ಹೋಂಸ್ಟೇಯವರು ಮಾತಾಡಲು ಒಪ್ಪುವ ಲೆಕ್ಕ ಅದು. ಟೆಸ್ಟ್ ಕಿಟ್ ಒಂದೇ ಸಾಕು, ಫೀಡ್ ಮೂಟೆಯನ್ನು ಹಂಚಿಕೊಳ್ಳಬಹುದು, ಜನರೇಟರ್ ಒಂದನ್ನು ಪಾಲಿಗೆ ಇಡಬಹುದು. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ ಈಗಾಗಲೇ ಇದ್ದರೆ ಹೊಸ ಗುಂಪು ಕಟ್ಟುವ ಗೋಜೇ ಇಲ್ಲ.

ಟ್ಯಾಂಕ್ ಹಾಕುವ ಮೊದಲೇ ಕೊಳ್ಳುವವರನ್ನು ಮಾತಾಡಿಸಿ. ನಾಲ್ಕು ಹೋಂಸ್ಟೇಗೆ ಹೋಗಿ "ಅಕ್ಕ, ವಾರಕ್ಕೆ ಎಷ್ಟು ಪುದೀನ, ಎಷ್ಟು ಲೆಟ್ಯೂಸ್ ಮೈಸೂರಿಂದ ತರಿಸ್ತೀರಿ?" ಅಂತ ಕೇಳಿ ಬರೆದುಕೊಳ್ಳಿ. ಪ್ರವಾಸಿಗರು ಬರುವುದು ವಾರಾಂತ್ಯಕ್ಕೆ, ನಿಮ್ಮ ಕೊಯ್ಲು ಗುರುವಾರ ಸಂಜೆ ಇರಲಿ. ಬೇರು ಸಮೇತ ಕಿತ್ತು ಒದ್ದೆ ಕಾಗದ ಸುತ್ತಿ ಕೊಟ್ಟರೆ ನಾಲ್ಕು ದಿನ ಬಾಡುವುದಿಲ್ಲ. ಕುಶಾಲನಗರದವರು ಬೈಲಕುಪ್ಪೆಯ ಟಿಬೆಟನ್ ಹೋಟೆಲುಗಳಲ್ಲಿ ಪಾಕ್ ಚಾಯ್ (ಎಲೆಕೋಸಿನ ಜಾತಿಯ ಚೀನೀ ಸೊಪ್ಪು) ಬೇಕಾ ಅಂತ ಕೇಳಿ ನೋಡಿ. ಮೀನನ್ನು ಜೀವಂತ ಮಾರಿ, ಸತ್ತ ಗೆಂಡೆಗೆ ಬಂಗುಡೆಯ ಎದುರು ಬೆಲೆ ಸಿಗುವುದಿಲ್ಲ.

2020ರಲ್ಲಿ ಶುರುವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನು ಸಾಕಣೆ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ಇಟ್ಟಿದ್ದಾರೆ. ನಿಮ್ಮ ಘಟಕ ಯಾವ ಹೆಸರಿನಡಿ ಬರುತ್ತದೆ, ಈ ವರ್ಷ ಅನುದಾನ ಇದೆಯಾ ಅನ್ನುವುದನ್ನು ತಾಲೂಕು ಮೀನುಗಾರಿಕೆ ಕಚೇರಿಯಲ್ಲಿ ಮೊದಲೇ ಕೇಳಿ. ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ಸಾಲ ಮಾಡಿ ಕಟ್ಟಬೇಡಿ. ಮೀನು ಸಾಕುವವರಿಗೂ 2018-19ರಿಂದ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ, ಫೀಡ್ ಖರ್ಚಿಗೆ ಅದು ಒಳ್ಳೆಯದು. ಬೆಳೆಯ ಬಗ್ಗೆ ಅನುಮಾನ ಬಂದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಹತ್ತಿರದಲ್ಲೇ ಇವೆ. "ನಾವೇ ಕಿಟ್ ಕೊಡ್ತೀವಿ, ನಾವೇ ವಾಪಸ್ ಕೊಳ್ತೀವಿ" ಅನ್ನುವ ಕಂಪನಿಗಳಿಗೆ ಮುಂಗಡ ಕೊಡುವ ಮೊದಲು ಅವರಿಗೆ ಎರಡು ವರ್ಷ ಬೆಳೆ ಮಾರಿದ ರೈತರೊಬ್ಬರ ಮನೆಗೆ ಕರೆದುಕೊಂಡು ಹೋಗಲು ಹೇಳಿ.

ಎರಡನೇ ಟ್ಯಾಂಕ್ ಯಾವಾಗ? ಒಂದು ಪೂರ್ತಿ ಮಳೆಗಾಲ ದಾಟಿದ ಮೇಲೆ. ಆಗಸ್ಟ್ ಕೊನೆಗೆ ಉಳಿಸಿಕೊಂಡ ಮೀನು ಬದುಕಿದ್ದು, ಅಮೋನಿಯಾ ಪರೀಕ್ಷೆಯ ನೀರು ಹಳದಿಯಾಗೇ ಇದ್ದು, ನಿಮ್ಮ ಪುಸ್ತಕದಲ್ಲಿ ಫೀಡ್, ಕರೆಂಟ್ ಖರ್ಚು ಕಳೆದು ಏನಾದರೂ ಉಳಿದಿದ್ದರೆ ಸೆಪ್ಟೆಂಬರ್‌ನಲ್ಲಿ ಇನ್ನೊಂದಕ್ಕೆ ಜಾಗ ನೋಡಿ. ಹಳೆ ಹಾಸಿನ ಒಂದು ಬಕೆಟ್ ಜಲ್ಲಿ ಅದಕ್ಕೆ, ಇನ್ನೊಂದು ಬಕೆಟ್ ಹೊಸದಾಗಿ ಶುರು ಮಾಡುವ ಪಕ್ಕದ ಮನೆಗೆ.